ಪುಸ್ತಕದಲ್ಲಿ 130, ಮೀಟರ್‌ನಲ್ಲಿ 312

ಪ್ರಶ್ನೆ (ಒಬ್ಬ ತಾಯಿ): ನಮಸ್ತೆ ಮೇಡಂ. ಮಗನಿಗೆ 16 ವರ್ಷ, ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಶುಗರ್ ಕಾಯಿಲೆ) ಇದೆ. ಈ ವರ್ಷ ಪಿಯುಸಿಗೆಂದು ದಾವಣಗೆರೆಯಲ್ಲಿ ಹಾಸ್ಟೆಲ್‌ಗೆ ಸೇರಿಸಿದ್ದೇವೆ. ರಜೆಗೆ ಬಂದಾಗ ಶುಗರ್ ಪುಸ್ತಕ ತೆಗೆದು ನೋಡಿದೆ. ಎಲ್ಲಾ 120, 130, 140. ಖುಷಿಯಾಯ್ತು. ಆಮೇಲೆ ಮೀಟರ್ ಮೆಮೊರಿ ಒತ್ತಿದರೆ 312, 286! ಎಷ್ಟೋ ದಿನ ಚೆಕ್ಕೇ ಮಾಡಿಲ್ಲ. ಮಧ್ಯಾಹ್ನದ ಇನ್ಸುಲಿನ್ ಬಿಡುತ್ತಿದ್ದಾನಂತೆ. ಬೈದೆ, ಅತ್ತೆ. ಈಗ ಮಾತೇ ಆಡುತ್ತಿಲ್ಲ.

ಉತ್ತರ (ಮಕ್ಕಳ ಶುಗರ್ ಡಾಕ್ಟರ್): ಅಮ್ಮ, ಇಂಥ ಪುಸ್ತಕ ನನ್ನ ಟೇಬಲ್ ಮೇಲೂ ಬರುತ್ತವೆ. ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ, ಒಂದು ರಕ್ತದ ಚುಕ್ಕೆಯೂ ಇಲ್ಲ. ಹಿಂದಿನ ರಾತ್ರಿ ಕೂತು ಬರೆದದ್ದು ಅಂತ ಗೊತ್ತಾಗುತ್ತದೆ. ಮಕ್ಕಳು ಹೀಗೆ ಮಾಡುವುದು ಬೈಗುಳಕ್ಕೆ ಹೆದರಿ. 312 ಅಂದರೆ ತಾನು ಫೇಲ್ ಆದೆ ಅಂದುಕೊಳ್ಳುತ್ತಾರೆ.

ಈ ವಯಸ್ಸಿನಲ್ಲಿ ಹಾರ್ಮೋನುಗಳಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಲ್ಲಾ ಸರಿಯಾಗಿ ಮಾಡಿದರೂ ಶುಗರ್ ಏರುತ್ತದೆ. ಇದನ್ನು ಅವನಿಗೆ ಯಾರಾದರೂ ಹೇಳಿದ್ದಾರಾ? ಮೊದಲು ನೀವು ಹೇಳಿ. ಫೋನಿನಲ್ಲಿ "ಶುಗರ್ ಎಷ್ಟು?" ಅಂತ ಶುರು ಮಾಡಬೇಡಿ. "ಊಟ ಏನಿತ್ತು, ನಿದ್ದೆ ಬಂತಾ?" ಅಂತ ಕೇಳಿ. ಭಾನುವಾರ ಒಂದು ಸಲ, ಅರ್ಧ ಗಂಟೆ, ಇಬ್ಬರೂ ಸೇರಿ ಮೀಟರ್ ನೋಡಿ. 16 ವರ್ಷ ಆಯ್ತು ಅಂತ ಎಲ್ಲಾ ಅವನ ತಲೆಗೇ ಕಟ್ಟಬೇಡಿ. ದೊಡ್ಡವರಿಗೇ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು ಸಾಕಾಗಿ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಊಟ ಸೇರದಿದ್ದರೂ, ಜ್ವರ ಬಂದರೂ, ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಬಿಡಲೇಬಾರದು. ಶುಗರ್ ಜಾಸ್ತಿ ಇದ್ದು ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಅದು ಕೀಟೋನ್, ಅಂದರೆ ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ, ಏರಿದ್ದಿರಬಹುದು. ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ (ಮಗ, ಅಮ್ಮನ ಫೋನಿನಿಂದ): ಮೇಡಂ, ಮೆಸ್‌ನಲ್ಲಿ ಎಲ್ಲರೂ "ಏನೋ ಅದು ಇಂಜೆಕ್ಷನ್?" ಅಂತ ನೋಡುತ್ತಾರೆ. ಬಾತ್‌ರೂಮಿಗೆ ಹೋಗಿ ಹೊಟ್ಟೆಯ ಬಲಗಡೆ ಬೇಗ ಚುಚ್ಚಿಕೊಳ್ಳುತ್ತಿದ್ದೆ. ಅಲ್ಲಿ ಗಂಟಿನ ಹಾಗೆ ಆಗಿದೆ. ಒಂದು ಸಲ ಶುಗರ್ ಲೋ ಆಗಿ (ತೀರಾ ಇಳಿದು) ಬಿದ್ದಿದ್ದೆ. ಆವತ್ತಿನಿಂದ ಮಧ್ಯಾಹ್ನ ಬಿಟ್ಟೆ.

ಉತ್ತರ: ನೀನೇ ಬರೆದೆಯಲ್ಲ, ತುಂಬಾ ಸಂತೋಷ ಆಯ್ತು ಮಗಾ. ಬಿದ್ದ ಮೇಲೆ ಹೆದರಿಕೆ ಆಗುವುದು ಸಹಜ ಅಲ್ವಾ? ಅದನ್ನೇ ನಿನ್ನ ಡಾಕ್ಟರಿಗೂ ಹೇಳು. ಡೋಸ್ ಕಡಿಮೆ ಮಾಡಬೇಕಾ ಅಂತ ಅವರು ನೋಡುತ್ತಾರೆ.

ಆ ಗಂಟು ಒಂದೇ ಕಡೆ ಚುಚ್ಚಿದ್ದಕ್ಕೆ ಬಂದದ್ದು. ಅಲ್ಲಿ ನೋವಾಗುವುದಿಲ್ಲ, ಅದಕ್ಕೇ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನಿಂದ ಇನ್ಸುಲಿನ್ ಒಂದು ದಿನ ನಿಧಾನ, ಒಂದು ದಿನ ಬೇಗ ಇಳಿಯುತ್ತದೆ. ನಿನ್ನ ಏರಿಳಿತಕ್ಕೆ ಅದೂ ಕಾರಣ ಇರಬಹುದು. ಆ ಜಾಗ ಬಿಟ್ಟು ಎಡಗಡೆ, ತೊಡೆ ಅಂತ ಬದಲಿಸು. ಹೊಸ ಜಾಗದಲ್ಲಿ ಅದೇ ಡೋಸ್ ಜೋರಾಗಿ ಕೆಲಸ ಮಾಡಬಹುದು. ಹಾಗಾಗಿ ಡಾಕ್ಟರನ್ನು ಕೇಳಿಕೊಂಡೇ ಬದಲಿಸು, ಮೊದಲ ಕೆಲವು ದಿನ ಜಾಸ್ತಿ ಚೆಕ್ ಮಾಡು.

ಇಡೀ ಹಾಸ್ಟೆಲ್‌ಗೆ ಹೇಳಬೇಕಾಗಿಲ್ಲ. ವಾರ್ಡನ್‌ಗೆ, ರೂಮಿನ ಒಬ್ಬ ಗೆಳೆಯನಿಗೆ ಹೇಳು. "ನಾನು ಬೆವೆತು, ಕೈ ನಡುಗಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡು. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿಸು. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡ, 108ಕ್ಕೆ ಫೋನ್ ಮಾಡು." ಇಷ್ಟು ಸಾಕು. 70ಕ್ಕಿಂತ ಕಡಿಮೆ ಬಂದರೆ ಲೋ. ಜೇಬಿನಲ್ಲಿ ಗ್ಲುಕೋಸ್ ಇರಲಿ.

ಯಾವುದೂ ಬೇಡ ಅನಿಸುವ ದಿನಗಳು ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಪುಸ್ತಕ ಬೇಡ, ಮೀಟರ್ ತಗೊಂಡು ಹೋಗು. ಅಂಗಿ ಎತ್ತಿ ಆ ಗಂಟನ್ನೂ ತೋರಿಸು.