ಪದಚರ್ಚೆ: ‘ಗಿಫ್ಟ್’ – ಜರ್ಮನ್‌ನಲ್ಲಿ ವಿಷ, ಸ್ವೀಡಿಶ್‌ನಲ್ಲಿ ಮದುವೆಯೂ ಹೌದು. ಫಲಕಕ್ಕೆ ಕನ್ನಡ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.
ರಾಸಾಯನಿಕಗಳ ಗೋದಾಮೊಂದಕ್ಕೆ ಎಚ್ಚರಿಕೆ ಫಲಕ ಮತ್ತು ಡ್ರಮ್ಮಿಗೆ ಅಂಟಿಸುವ ಚೀಟಿಗಳ ಕನ್ನಡ ನಾಳೆ ಸಂಜೆಗೆ ಅಚ್ಚಿಗೆ ಹೋಗಬೇಕು. ಮೂಲ ಹಾಳೆಗಳು ಜರ್ಮನ್ ಮತ್ತು ಸ್ವೀಡಿಶ್‌ನಲ್ಲಿವೆ. ಕೈಗೆ ಬಂದಿರುವ ಕರಡಿನಲ್ಲಿ ಜರ್ಮನ್ನಿನ ‘ಗಿಫ್ಟ್‌ಶ್ರಾಂಕ್’ ಎಂಬುದು ‘ಉಡುಗೊರೆ ಬೀರು’ ಆಗಿದೆ, ಸ್ವೀಡಿಶ್ ಹಾಳೆಯ ಒಂದು ಸಾಲಿನಲ್ಲಿ ದ್ರಾವಣವೇ ‘ಅವಿವಾಹಿತ’ವಾಗಿದೆ. ಎರಡು ಪ್ರಶ್ನೆ: (1) ಈ ಪದ ಯಾವ ಭಾಷೆಯಲ್ಲಿ ಏನು? (2) ಹಾಳೆಯಲ್ಲಿ ವಿಷದ ಮೂರು ದರ್ಜೆಗಳಿವೆ, ಕನ್ನಡದಲ್ಲಿ ಮೂರನ್ನೂ ಬೇರೆಬೇರೆಯಾಗಿ ಹೇಳುವುದು ಹೇಗೆ?
– ಸು.

---

ಸು. ಅವರೇ,
ಮೂಲ ಒಂದೇ: ಜರ್ಮಾನಿಕ್ ಬಳಗದ ‘ಕೊಡು’ ಧಾತು. ಅದರಿಂದಾದ ಭಾವನಾಮ ‘ಗಿಫ್ಟ್’, ಅಂದರೆ ಕೊಡುವಿಕೆ, ಕೊಟ್ಟದ್ದು. ಆಮೇಲೆ ದಾರಿಗಳು ಒಡೆದವು.

ಜರ್ಮನ್: ವಿಷ ಮಾತ್ರ. ಹಳೆಯ ‘ಕೊಟ್ಟದ್ದು’ ಎಂಬ ಅರ್ಥ ಈಗ ‘ಮಿಟ್‌ಗಿಫ್ಟ್’ನಲ್ಲಿ ಉಳಿದಿದೆ, ಹೆಣ್ಣಿನ ಜೊತೆ ಕೊಟ್ಟು ಕಳಿಸುವ ವರದಕ್ಷಿಣೆ. ಡಚ್: ‘ಗಿಫ್ಟ್’ ದೇಣಿಗೆ (ಆದಾಯ ತೆರಿಗೆ ಅರ್ಜಿಯಲ್ಲಿ ‘ಗಿಫ್ಟೆನ್’ ಎಂದರೆ ದಾನಗಳು), ವಿಷಕ್ಕೆ ‘ಗಿಫ್’ ಅಥವಾ ‘ವರ್‌ಗಿಫ್’. ಆದರೆ ‘ಗಿಫ್ಟಿಖ್’ ಎಂದರೆ ವಿಷಕಾರಿಯೇ, ಅಲ್ಲಿ ಎಡವಬೇಡಿ. ಸ್ವೀಡಿಶ್, ಡೇನಿಶ್, ನಾರ್ವೇಜಿಯನ್: ನಾಮಪದವಾದರೆ ವಿಷ, ಗುಣವಾಚಕವಾದರೆ ಮದುವೆಯಾದ. ಸ್ವೀಡಿಶ್‌ನಲ್ಲಿ ಎರಡನ್ನೂ ‘ಯಿಫ್ಟ್’ ಎಂದೇ ಉಚ್ಚರಿಸುತ್ತಾರೆ. ಐಸ್‌ಲ್ಯಾಂಡಿಕ್: ಮದುವೆ ಉಳಿಯಿತು, ‘ಗಿಫ್ತಾ’ ಎಂದರೆ ಅದೃಷ್ಟ, ವಿಷಕ್ಕೆ ಬೇರೆಯೇ ಪದ ‘ಏಯ್ತುರ್’. ಇಂಗ್ಲಿಷ್: ಅವರ ಹಳೆಯ ಸ್ವಂತ ರೂಪಕ್ಕೆ ಹೆಣ್ಣಿಗೆ ಕೊಡುವ ತೆರ ಎಂಬ ಅರ್ಥ, ಬಹುವಚನದಲ್ಲಿ ಮದುವೆ. ಈಗಿನ ‘ಗಿಫ್ಟ್’ ಸ್ಕ್ಯಾಂಡಿನೇವಿಯಾದವರಿಂದ ಬಂದದ್ದು. ಮೊದಲಕ್ಷರ ‘ಯ’ ಆಗದೆ ‘ಗ’ ಆಗಿ ನಿಂತಿರುವುದು ಅದರ ಗುರುತು.

ಮದುವೆಯ ಅರ್ಥ ಕನ್ನಡಿಗರಿಗೆ ಹೊಸದಲ್ಲ. ‘ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?’ ಎಂದು ಕೇಳುವವರು ನಾವು. ಸ್ವೀಡಿಶ್ ‘ಯಿಫ್ಟ್’ ಅಕ್ಷರಶಃ ಆ ‘ಕೊಟ್ಟ’. ಅದೇ ಭಾಷೆಯಲ್ಲಿ ‘ಉತ್‌ಯಿಫ್ಟ್’ ಖರ್ಚು, ‘ಆವ್‌ಯಿಫ್ಟ್’ ಶುಲ್ಕ, ‘ಉಪ್‌ಯಿಫ್ಟ್’ ಕೊಟ್ಟ ಕೆಲಸ ಅಥವಾ ಮಾಹಿತಿ.

ನಿಮ್ಮ ಅವಿವಾಹಿತ ದ್ರಾವಣದ ಕಥೆ ಹೀಗಿರಬೇಕು: ‘ಊಯಿಫ್ಟ್’ ಅಂದರೆ ಮದುವೆಯಾಗದ, ‘ಊಯಿಫ್ಟಿಗ್’ ಅಂದರೆ ವಿಷವಲ್ಲದ. ಕೊನೆಯ ‘ಇಗ್’ ಕಣ್ತಪ್ಪಿದೆ. ಮೂಲದಲ್ಲಿ ಆ ಎರಡು ಅಕ್ಷರ ಇವೆಯೇ ಎಂದು ಪ್ರತಿ ಸಾಲಿನಲ್ಲೂ ಬೆರಳಿಟ್ಟು ನೋಡಿ.
– ವಿ. ಭ.

---

> ಮೂಲ ಒಂದೇ: ಜರ್ಮಾನಿಕ್ ಬಳಗದ ‘ಕೊಡು’ ಧಾತು

ಇನ್ನೂ ಹಿಂದಕ್ಕೆ ಹೋಗಬೇಕು. ವೇದದ ‘ಗೃಭ್’ ಧಾತುವೇ ಇದು, ಈಗಿನ ‘ಗ್ರಹ್’. ಕೊಡುವುದು, ಹಿಡಿಯುವುದು ಒಂದೇ ಕ್ರಿಯೆಯ ಎರಡು ತುದಿ. ಪಾಣಿಗ್ರಹಣ ಎಂದರೆ ಮದುವೆ. ಸ್ವೀಡಿಶ್‌ನ ಅರ್ಥಕ್ಕೆ ಇದಕ್ಕಿಂತ ಪುರಾವೆ ಬೇಕೇ?
– ಶಾಸ್ತ್ರಿ

---

ಬೇಕು. ‘ಗೃಭ್’ನಲ್ಲಿರುವ ರ-ಕಾರ ಎಲ್ಲಿ ಹೋಯಿತು? ಜರ್ಮಾನಿಕ್‌ನಲ್ಲಿ ಆ ಜಾಗದ ರ-ಕಾರ ಬೀಳುವುದಿಲ್ಲ. ಅರ್ಥ ಹೊಂದುತ್ತದೆ ಎಂದು ಧ್ವನಿನಿಯಮ ಮುರಿಯಲಾಗದು. ಈ ಎಳೆ ಇಲ್ಲಿಗೆ ಬಿಡಿ.

‘ಕೊಡುಗೆ’ ವಿಷವಾದದ್ದಕ್ಕೆ ಕಾರಣ ವೈದ್ಯರ ಮಾತು. ಗ್ರೀಕ್ ‘ದೋಸಿಸ್’ ಎಂದರೆ ಕೊಡುವಿಕೆ, ರೋಗಿಗೆ ಒಂದು ಸಲಕ್ಕೆ ಕೊಡುವ ಮದ್ದಿನ ಅಳತೆ. ಅದು ಲ್ಯಾಟಿನ್ ವೈದ್ಯಗ್ರಂಥಗಳ ಮೂಲಕ ಜರ್ಮನ್ನರಿಗೆ ಬಂತು. ಅವರು ಅದನ್ನು ತಮ್ಮದೇ ‘ಗಿಫ್ಟ್’ ಎಂದು ಅನುವಾದಿಸಿದರು. ಕೊಲ್ಲುವ ಪ್ರಮಾಣದ ಹೆಸರು ಎತ್ತಲು ಹಿಂಜರಿಕೆ, ‘ಕೊಟ್ಟದ್ದು’ ಎಂದರೆ ಸಾಕು. ನಮ್ಮ ‘ಮದ್ದು’ ಹೀಗೇ ಅಲ್ಲವೇ? ವೈದ್ಯರು ಕೊಟ್ಟರೆ ಮದ್ದು, ‘ಊಟದಲ್ಲಿ ಮದ್ದು ಹಾಕಿದರು’ ಎಂದರೆ ವಿಷ. ಆ ‘ದೋಸಿಸ್’ಗೂ ನಮ್ಮ ‘ದಾನ’ಕ್ಕೂ ಧಾತು ಒಂದೇ, ಶಾಸ್ತ್ರಿಗಳು ಬೇಕಾದರೆ ಅಲ್ಲಿ ನಂಟು ಹುಡುಕಬಹುದು.
– ವಿ. ಭ.

---

ಕೇಳಿದ್ದು ಕನ್ನಡ, ನಡೆದಿರುವುದು ಯುರೋಪಿನ ಮಾತು. ಕನ್ನಡದಲ್ಲಿ ‘ನಂಜು’ ಇದೆ. ತಮಿಳು, ಮಲೆಯಾಳದಲ್ಲೂ ಇದೇ ಪದ. ನಂಜುಂಡ, ನಂಜನಗೂಡು ಹೇಳುವ ನಾಲಿಗೆಗೆ ಸಂಸ್ಕ್ರುತದ ‘ವಿಶ’ ಯಾಕೆ? ಜರ್ಮನ್ನರು ತಮ್ಮ ಪದವನ್ನೇ ಉಳಿಸಿಕೊಂಡರು, ನಾವು ಎರವಲು ತಂದು ಮೆರೆಯುತ್ತೇವೆ. ಪಲಕದಲ್ಲಿ ‘ನಂಜು’ ಎಂದು ಬರೆಯಿರಿ, ಮುಗಿಯಿತು.
– ಕೆ.

---

ಮುಗಿಯಲಿಲ್ಲ. ‘ನಂಜು’ ಈಗ ಯಾರ ಬಾಯಲ್ಲಿ ಯಾವ ಅರ್ಥದಲ್ಲಿದೆ ನೋಡಿ. ಗಾಯ ಕೀವು ತುಂಬಿದರೆ ನಂಜಾಯಿತು. ‘ಗಾಯ ಆಗಿದೆ, ಬದನೆಕಾಯಿ ತಿನ್ನಬೇಡ, ನಂಜು’ ಎನ್ನುತ್ತಾರೆ. ಡ್ರಮ್ಮಿನ ಮೇಲೆ ‘ನಂಜು’ ಎಂದು ಓದಿದ ಹಮಾಲಿ, ಕೈಯಲ್ಲಿ ಗಾಯ ಇಲ್ಲದಿದ್ದರೆ ಮುಟ್ಟಬಹುದು ಎಂದುಕೊಂಡರೆ ಹೊಣೆ ಯಾರದು? ಬದನೆಕಾಯಿಗೂ ಸಲ್ಲುವ ಪದವನ್ನು ತಲೆಬುರುಡೆ ಚಿತ್ರದ ಕೆಳಗೆ ಬರೆಯಬಾರದು.

‘ಔಷಧಿ’ಯೂ ಬೇಡ. ಹೊಲದಲ್ಲಿ ‘ಔಷಧಿ ಹೊಡೆಯುವುದು’, ಉತ್ತರ ಕರ್ನಾಟಕದಲ್ಲಿ ‘ಎಣ್ಣಿ ಹೊಡೆಯೂದು’ ಎಂದರೆ ಕೀಟನಾಶಕ ಸಿಂಪಡಿಸುವುದು, ನಿಜ. ಚೀಟಿಯಲ್ಲಿ ಹಾಗೆ ಬರೆದರೆ ಗತಿಯೇನು?

‘ವಿಷ’ ಸಾಕು. ಅದು ಎಲ್ಲಿಂದ ಬಂತು ಎಂಬುದು ಗೋದಾಮಿನಲ್ಲಿ ನಿಂತವರಿಗೆ ಬೇಕಿಲ್ಲ.
– ಲ. ಹೆ.

---

ಬಳಕೆ ಹಾಳಾಯಿತು ಎಂದು ಪದವನ್ನೇ ಬಿಟ್ಟರೆ ನಾಳೆ ಯಾವ ಕನ್ನಡ ಪದವೂ ಉಳಿಯದು. ಬರೆದರೆ ತಾನೇ ಅರ್ತ ಗಟ್ಟಿಯಾಗುವುದು?
– ಕೆ.

---

ಗಟ್ಟಿಮಾಡಲು ಪಠ್ಯಪುಸ್ತಕ ಇದೆ, ಪತ್ರಿಕೆ ಇದೆ. ವಿಷದ ಡ್ರಮ್ಮು ಅದಕ್ಕೆ ಜಾಗವಲ್ಲ.

ಕೆ. ಅವರ ಇನ್ನೊಂದು ಮಾತಿಗೆ: ಜರ್ಮನ್ನರು ಸ್ವಂತದ್ದು ಉಳಿಸಿಕೊಂಡರು ಎನ್ನುವುದು ಅರ್ಧ ಸತ್ಯ. ಪದ ಮನೆಯದು, ಅರ್ಥ ಗ್ರೀಕರ ಎರವಲು. ಇಂಗ್ಲಿಷಿನವರು ‘ಪಾಯ್ಸನ್’ ತಂದದ್ದು ಫ್ರೆಂಚ್‌ನಿಂದ, ಅದರ ಲ್ಯಾಟಿನ್ ಮೂಲಕ್ಕೆ ‘ಪಾನ’ ಎಂದಷ್ಟೇ ಅರ್ಥ. ‘ವಿಷ’ದ ಲ್ಯಾಟಿನ್ ದಾಯಾದಿ ‘ವೈರಸ್’. ಅದನ್ನು ಕನ್ನಡ ಲಿಪಿಯಲ್ಲಿ ದಿನಕ್ಕೆ ಹತ್ತು ಸಲ ಬರೆಯುತ್ತೇವೆ, ಯಾರೂ ತಡೆದಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಕುಲ ಕೇಳುವುದು ‘ವಿಷ’ವನ್ನು ಮಾತ್ರ ಏಕೆ?
– ವಿ. ಭ.

---

ಸು. ಅವರ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ.

ಐರೋಪ್ಯ ಹಾಳೆಗಳಲ್ಲಿ ಸಂಖ್ಯೆ ನೋಡಿ, ಪದ ಆಮೇಲೆ. ಎಚ್ 300 (‘ಎಚ್’ ಎಂದರೆ ಅಪಾಯದ ಬಗೆ ಹೇಳುವ ಸಂಕೇತ): ಜರ್ಮನ್ನಿನಲ್ಲಿ ‘ಲೇಬೆನ್ಸ್‌ಗೆಫಾರ್’, ಪ್ರಾಣಾಪಾಯ. ಬಾಯಿಯ ಮೂಲಕ ಎಲ್‌ಡಿ 50 (ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ) ದೇಹತೂಕದ ಕಿಲೋಗೆ 50 ಮಿಲಿಗ್ರಾಂವರೆಗೆ. ಎಚ್ 301: ‘ಗಿಫ್ಟಿಗ್’, 50ರಿಂದ 300. ಎಚ್ 302: ಆರೋಗ್ಯಕ್ಕೆ ಹಾನಿಕರ, 300ರಿಂದ 2000. ಅಂದರೆ ‘ಗಿಫ್ಟಿಗ್’ ನಡುವಿನ ದರ್ಜೆ. ಮೂರಕ್ಕೂ ‘ವಿಷ’ ಎಂದು ಬಳಿದರೆ ಮೇಲಿನದರ ಭಯ ಹೋಗುತ್ತದೆ.

300: ಹೊಟ್ಟೆಗೆ ಹೋದರೆ ಪ್ರಾಣ ಹೋಗುತ್ತದೆ.
301: ವಿಷ. ಹೊಟ್ಟೆಗೆ ಹೋಗಬಾರದು.
302: ಹೊಟ್ಟೆಗೆ ಹೋದರೆ ಆರೋಗ್ಯ ಕೆಡುತ್ತದೆ.

‘ಸೇವಿಸಿದರೆ’ ಬೇಡ, ಅದು ಮಾತ್ರೆಯ ಡಬ್ಬಿಯ ಮಾತು. ‘ಹೊಟ್ಟೆಗೆ ಹೋದರೆ’ ಎಂದರೆ ಗೊತ್ತಿಲ್ಲದೆ ಹೋದದ್ದೂ ಸೇರುತ್ತದೆ. ‘ವಿಷಪೂರಿತ’ ತಪ್ಪು, ಅದು ಅನ್ನಕ್ಕೋ ನೀರಿಗೋ ವಿಷ ಸೇರಿದಾಗ. ವಸ್ತುವಿನ ಗುಣಕ್ಕೆ ‘ವಿಷಕಾರಿ’. ‘ವಾಂತಿ ಮಾಡಬೇಡಿ’ ಎಂದು ಕರಡಿನಲ್ಲಿದ್ದರೆ ‘ವಾಂತಿ ಮಾಡಿಸಬೇಡಿ’ ಎಂದು ತಿದ್ದಿ. ಆ ಸೂಚನೆ ಪಕ್ಕದಲ್ಲಿರುವವರಿಗೆ, ಒದ್ದಾಡುತ್ತಿರುವವರಿಗಲ್ಲ.

ಇನ್ನೊಂದು ಹಳ್ಳ. ಡ್ರಮ್ಮಿನಲ್ಲಿರುವುದು ಕೀಟನಾಶಕವಾದರೆ ನಮ್ಮ 1971ರ ಕೀಟನಾಶಕ ನಿಯಮಗಳ ಬಣ್ಣದ ತ್ರಿಕೋನವೂ ಬೇಕು, ಅದೇ ಎಲ್‌ಡಿ 50 ಲೆಕ್ಕದಲ್ಲಿ: ಕೆಂಪು (1–50), ಹಳದಿ (51–500), ನೀಲಿ (501–5000), ಹಸಿರು (5000ಕ್ಕೂ ಹೆಚ್ಚು). ಅಲ್ಲಿ ಕೆಂಪು, ಹಳದಿ ಎರಡಕ್ಕೂ ‘ಪಾಯ್ಸನ್’. ‘ಡೇಂಜರ್’ ಬರುವುದು ಮೂರನೆಯ ನೀಲಿಗೆ. ಐರೋಪ್ಯ ಹಾಳೆಯ ‘ಗೆಫಾರ್’, ಸ್ವೀಡಿಶ್ ‘ಫಾರಾ’ ಅತಿ ಮೇಲಿನ ಸಂಕೇತಪದ (ಅಪಾಯದ ತೀವ್ರತೆ ಹೇಳುವ ಒಂಟಿ ಪದ). ಎರಡಕ್ಕೂ ‘ಅಪಾಯ’ ಎಂದು ಹಾಕಿದರೆ ಒಂದೇ ಡ್ರಮ್ಮಿನ ಮೇಲೆ ಒಂದೇ ಪದಕ್ಕೆ ಎರಡು ತೂಕ. ಹಾಳೆಯದಕ್ಕೆ ‘ಪ್ರಾಣಾಪಾಯ’ ಇಡಬೇಡಿ, ಅದು 300ರ ‘ಲೇಬೆನ್ಸ್‌ಗೆಫಾರ್’ನ ಅರ್ಥ. ‘ಅಪಾಯ’ ಹಾಳೆಗೆ ಇರಲಿ, ನೀಲಿ ತ್ರಿಕೋನದ್ದನ್ನು ‘ಡೇಂಜರ್’ ಎಂದು ಕನ್ನಡ ಲಿಪಿಯಲ್ಲೇ ಬಿಡಿ.
– ಲ. ಹೆ.

---

ಇಂಗ್ಲಿಶನ್ನೇ ಉಳಿಸಿ ಎನ್ನುವ ಸಲಹೆಗೆ ಬಂದು ನಿಂತಿತು ಚರ್ಚೆ. ನನ್ನ ವಿರೋದ ದಾಕಲಾಗಿರಲಿ.
– ಕೆ.

---

ಎಲ್ಲರಿಗೂ ಕೃತಜ್ಞತೆ. ಲ. ಹೆ. ಅವರ ಮೂರು ಸಾಲು ಹಾಗೆಯೇ ಹೋಗುತ್ತಿವೆ. ಬೀರುವಿಗೆ ‘ವಿಷದ ಬೀರು – ಬೀಗ ಹಾಕಿರಬೇಕು’. ವಿ. ಭ. ಅವರು ಹೇಳಿದಂತೆ ಸ್ವೀಡಿಶ್ ಹಾಳೆ ನೋಡಿದೆ, ‘ಇಗ್’ ಇದೆ. ದ್ರಾವಣ ‘ವಿಷಕಾರಿಯಲ್ಲ’ ಎಂದು ತಿದ್ದಿದ್ದೇನೆ.
– ಸು.

---

ಅಲ್ಲಿ ‘ಲ್ಲ’ ಅಳಿಸಿದರೆ ಅರ್ಥ ತಲೆಕೆಳಗು. ಡ್ರಮ್ಮಿನ ಚೀಟಿಯ ಅಂಚು ಸವೆಯುತ್ತದೆ. ‘ವಿಷವಿಲ್ಲ’ ಎಂದು ದಪ್ಪಕ್ಷರದಲ್ಲಿ, ಸಾಲಿನ ನಡುವೆ ಬರುವಂತೆ ಹಾಕಿಸಿ.
– ಲ. ಹೆ.