ದೊಡ್ಡಪ್ಪ ಪೂರ್ತಿ ಓದದ ಫಾರ್ವರ್ಡ್

ಪುಟ್ಟ ರಾತ್ರಿ ಹೊತ್ತು ಹೊಸ ಕಾರಿನಲ್ಲಿ ಚಾರ್ಮಾಡಿ ಘಾಟಿ ಇಳಿದ ಸುದ್ದಿ ಶನಿವಾರ ಮನೆಯವರಿಗೆಲ್ಲ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಆರೂವರೆಗೇ ನಮ್ಮ ಗುಂಪಿಗೆ ದೊಡ್ಡಪ್ಪನ ಫಾರ್ವರ್ಡ್ ಬಂತು.

ದೊಡ್ಡಪ್ಪ: "47 ವರ್ಷದ ಚಾಲಕ ಮಾಂಟೆ ಕಾರ್ಲೋ ಕಾರ್ ರ‍್ಯಾಲಿ ಗೆದ್ದ! ಹುಡುಗರೆಲ್ಲ ಹಿಂದೆ! ಅನುಭವದ ಮುಂದೆ ಬಿಸಿರಕ್ತದ ಆಟ ನಡೆಯದು... ಇನ್ನಷ್ಟು ಓದಿ"

ದೊಡ್ಡಪ್ಪ: ಪುಟ್ಟ, ಇದನ್ನು ಎರಡು ಸಲ ಓದು.

ಚಿಕ್ಕಮ್ಮ: ನನ್ನ ಮಾತು ಕೇಳುವುದಿಲ್ಲ ಭಾವ. ನೀವಾದರೂ ಹೇಳಿ.

ಅಣ್ಣ: ಯಾವ ವರ್ಷದ್ದು? ಗೆದ್ದವರು ಯಾರು? ಹೆಸರೇ ಇಲ್ಲ. ಹೋದ ತಿಂಗಳ ನುಗ್ಗೆಸೊಪ್ಪಿನ ಮೆಸೇಜೂ ಹೀಗೇ ಇತ್ತು.

ದೊಡ್ಡಪ್ಪ: ನುಗ್ಗೆಸೊಪ್ಪಿನ ವಿಷಯ ಈಗ ಯಾಕೆ?

ನಾನು: ಗೆದ್ದದ್ದು ನಿಜ ಅಣ್ಣ. 2022ರ ಜನವರಿ, ಸೆಬಾಸ್ಟಿಯನ್ ಲೋಬ್. ವಿಶ್ವ ಚಾಂಪಿಯನ್‌ಶಿಪ್‌ನ ರ‍್ಯಾಲಿ ಗೆದ್ದವರಲ್ಲಿ ಅವರಷ್ಟು ವಯಸ್ಸಾದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಆದರೆ ಎರಡನೇ ಸ್ಥಾನ ಬಂದವರು ಹುಡುಗನಲ್ಲ. ಸೆಬಾಸ್ಟಿಯನ್ ಓಜಿಯೇಗೆ ಆಗ 38, ಎಂಟು ಸಲ ವಿಶ್ವ ಚಾಂಪಿಯನ್. ಕೊನೆಗೆ ಎರಡೇ ಸ್ಟೇಜ್, ಅಂದರೆ ಸಮಯ ಅಳೆಯುವ ರಸ್ತೆಯ ಎರಡೇ ತುಂಡು ಉಳಿದಾಗಲೂ ಅವರೇ ಮುಂದಿದ್ದರು. ಪಂಕ್ಚರ್ ಆಯಿತು. ಸೋತದ್ದು ಬರೀ 10.5 ಸೆಕೆಂಡ್‌ನಲ್ಲಿ.

ನಾನು: ದೊಡ್ಡಪ್ಪ, ಆ 'ಇನ್ನಷ್ಟು ಓದಿ' ಒತ್ತಿ ನೋಡಿ. ವರ್ಷದ ಎಲ್ಲ ಪಂದ್ಯಗಳ ಅಂಕ ಸೇರಿಸಿದರೆ ಅದೇ ವರ್ಷದ ವಿಶ್ವ ಚಾಂಪಿಯನ್ ಕಾಲೆ ರೊವಾನ್‌ಪೆರಾ ಅಂತ ಕೆಳಗೆ ಇದೆ. ನ್ಯೂಜಿಲೆಂಡ್‌ನಲ್ಲಿ ಪಟ್ಟ ಸಿಕ್ಕಾಗ ಅವನಿಗೆ 22 ತುಂಬಿ ಒಂದೇ ದಿನ.

ಪುಟ್ಟ: ನನಗೂ 22.

ದೊಡ್ಡಪ್ಪ: ಅಂದರೆ ನಾನು ಸುಳ್ಳು ಹೇಳಿದೆ ಅಂತಲಾ?

ಅಣ್ಣ: ನೀವು ಪೂರ್ತಿ ಓದಲಿಲ್ಲ ಅಂತ.

ಚಿಕ್ಕಮ್ಮ: ದೊಡ್ಡವರ ಹತ್ತಿರ ಮಾತಾಡುವ ರೀತಿಯಾ ಇದು? ನಿನ್ನ ಮದುವೆಗೆ ಜೀಪ್ ಕೊಟ್ಟವರು ಯಾರು?

ಅಣ್ಣ: ಕೊಟ್ಟದ್ದು ಹೌದು. ಡೀಸೆಲ್ ನಾನೇ ಹಾಕಿಸಿದೆ. ಬಾಗಿಲು ಜಜ್ಜಿದ್ದು ಮಾತ್ರ ನಾನಲ್ಲ.

ಮೂಡಿಗೆರೆ ಅಕ್ಕ: ಆ ಜೀಪ್! ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದಾಗ ಎಲ್ಲರೂ ಅದರಲ್ಲೇ ಹೋಗಿದ್ದೆವು, ನೆನಪಿದೆಯಾ? ಧೂಳಿನಲ್ಲಿ ನಿಂತುಕೊಂಡೇ ಕಡುಬು ತಿಂದೆವು. ಕಾರು ಕಾಣುವ ಮೊದಲೇ ಸದ್ದು ಬರುತ್ತಿತ್ತು, ಮರದ ಹಕ್ಕಿಗಳೆಲ್ಲ ಎದ್ದು ಹಾರುತ್ತಿದ್ದವು.

ದೊಡ್ಡಪ್ಪ: ಬಾಗಿಲು ಜಜ್ಜಿದ್ದನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನು: ಬಾಗಿಲು ಆಮೇಲೆ ನೋಡೋಣ. ಒಂದು ಮಾತು ಹೇಳಿಬಿಡುತ್ತೇನೆ, ಸುಮ್ನೆ ಬಿಡಲು ಮನಸ್ಸಾಗುತ್ತಿಲ್ಲ. ಕಾಲೆ ಎಂಟನೇ ವಯಸ್ಸಿಗೇ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸುತ್ತಿದ್ದ. ಅವನ ಅಪ್ಪ ಹ್ಯಾರಿಯೂ ರ‍್ಯಾಲಿ ಚಾಲಕ. ಹಾಗಾಗಿ 22ಕ್ಕೆ ಅವನಿಗೆ 14 ವರ್ಷದ ಅನುಭವ ಇತ್ತು. ಲೋಬ್ 2022ಕ್ಕೂ ಮೊದಲೇ ಮಾಂಟೆ ಕಾರ್ಲೋವನ್ನು ಏಳು ಸಲ ಗೆದ್ದಿದ್ದರು. ಅಲ್ಲಿ ಒಂದೇ ಸ್ಟೇಜಿನಲ್ಲಿ ಬಿಸಿಲಿದ್ದ ಕಡೆ ಒಣ ಡಾಂಬರು, ನೆರಳಿದ್ದ ಕಡೆ ಮಂಜುಗಡ್ಡೆ. ಯಾವ ಟೈರ್ ಅಂತ ಮೊದಲೇ ತೀರ್ಮಾನ ಮಾಡಬೇಕು. ಸ್ಟೇಜಿನ ಮಧ್ಯೆ ಬದಲಾಯಿಸುತ್ತ ಕೂತರೆ ಸಮಯ ಹೋಗುತ್ತದೆ. ಹಳೆಯ ನೆನಪು ಜಾಸ್ತಿ ಕೆಲಸಕ್ಕೆ ಬರುವುದು ಅಲ್ಲೇ. ಅಷ್ಟಿದ್ದರೂ ಎಲ್ಲರೂ ರ‍್ಯಾಲಿಗೆ ಮೊದಲು ಅದೇ ರಸ್ತೆಯಲ್ಲಿ ಎರಡು ಸಲ ನಿಧಾನವಾಗಿ ಹೋಗಿ ಪ್ರತಿ ತಿರುವಿಗೂ ನೋಟ್ಸ್ ಬರೆದುಕೊಳ್ಳುತ್ತಾರೆ. ಅದನ್ನು ಪಕ್ಕದಲ್ಲಿ ಕೂತವರು ಓದುತ್ತಾರೆ. ಲೋಬ್ ಪಕ್ಕ ಕೂತಿದ್ದವರು ಇಸಾಬೆಲ್ ಗಾಲ್ಮಿಷ್, ಗಣಿತದ ಟೀಚರ್. ವಯಸ್ಸು ಬಿಡಿ. ಅಂಥ ರಸ್ತೆಯಲ್ಲಿ ಎಷ್ಟು ಸಲ ಓಡಿಸಿದ್ದಾರೆ, ಅದನ್ನು ಕೇಳಿ.

ಅಣ್ಣ: ಇದಕ್ಕೆ ಆಧಾರ?

ದೊಡ್ಡಪ್ಪ: ಸದ್ಯ, ನನ್ನೊಬ್ಬನನ್ನೇ ಕೇಳುವುದಲ್ಲ ಅಂತಾಯಿತು.

ಮೂಡಿಗೆರೆ ಅಕ್ಕ: ಗಣಿತದ ಟೀಚರಾ! ನಮ್ಮ ಅಮ್ಮನೂ ಗಣಿತದ ಟೀಚರೇ ಅಲ್ವಾ. ಅಪ್ಪ ಜೀಪ್ ಓಡಿಸುವಾಗ ಪಕ್ಕದಲ್ಲಿ ಕೂತು "ಎಡಕ್ಕೆ, ಎಡಕ್ಕೆ, ನಿಧಾನ" ಅನ್ನುತ್ತಲೇ ಇರುತ್ತಿದ್ದರು.

ದೊಡ್ಡಪ್ಪ: ಆ ಬಾಗಿಲು ಜಜ್ಜಿದ ದಿನ ಅವಳು ಪಕ್ಕದಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಯಾರು ಓಡಿಸಿದ್ದು?

ಪುಟ್ಟ: ದೊಡ್ಡಪ್ಪ, ಚಾರ್ಮಾಡಿ ನನಗೆ ಹೊಸದಲ್ಲ. ಈ ಮಳೆಗಾಲದಲ್ಲೇ ನಾಲ್ಕು ಸಲ ಇಳಿದಿದ್ದೇನೆ. ಯಾವ ತಿರುವಿನಲ್ಲಿ ಲಾರಿ ಅಡ್ಡ ಬರುತ್ತದೆ ಅಂತ ಗೊತ್ತು.

ಚಿಕ್ಕಮ್ಮ: ನಾಲ್ಕು ಸಲವಾ?

ಚಿಕ್ಕಮ್ಮ: ಫ್ರೆಂಡ್ ಮನೆಯಲ್ಲಿ ಓದುತ್ತಿದ್ದೇನೆ ಅಂತ ಫೋನ್ ಮಾಡಿದ್ದೆಯಲ್ಲ, ಅದು ಯಾವ ಸಲ?

ಪುಟ್ಟ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಮ್ಮ: ಅಳಿಸುವ ಮೊದಲೇ ಓದಿದ್ದೇನೆ. ಮನೆಗೆ ಬಾ.