ಬಿಡಿಎಫ್ ಫಾಂಟನ್ನು ಡಾಸ್‌ನ ವಿಜಿಎ ಪರದೆಗೆ ಒಗ್ಗಿಸುವುದು ಹೇಗೆ?

ಪ್ರಶ್ನೆ:
ಲಿನಕ್ಸ್‌ನಲ್ಲಿ ಬಳಸುವ 8×16 ಅಳತೆಯ ಬಿಡಿಎಫ್ (ಅಕ್ಷರಗಳನ್ನು ಚುಕ್ಕೆಗಳ ಚಿತ್ರವಾಗಿ ಬರೆದಿಡುವ ಕಡತ ಮಾದರಿ) ಫಾಂಟೊಂದನ್ನು, ವಿಜಿಎ ಎಂಬ ಪರದೆಯ ಯಂತ್ರಾಂಶವಿರುವ ಹಳೆಯ 486 ಯಂತ್ರದಲ್ಲಿ ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಪರದೆಗೆ ತರಲು ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಅದು ಪ್ರತಿ ಅಕ್ಷರದ ಬಿಟ್‌ಮ್ಯಾಪ್ ಸಾಲುಗಳನ್ನು ಓದಿ, 16 ಬೈಟಿಗೆ ಕಡಿಮೆಬಿದ್ದರೆ ಕೊನೆಯಲ್ಲಿ ಸೊನ್ನೆ ತುಂಬಿ, 0ಯಿಂದ 255ರವರೆಗಿನ ಅಕ್ಷರಗಳನ್ನು 4096 ಬೈಟ್‌ಗಳ ಕಡತವಾಗಿ ಉಳಿಸುತ್ತದೆ. ಅಕ್ಷರಗಳ ಆಕಾರ ಸರಿಯಾಗಿಯೇ ಇದೆ. ಆದರೆ ಪೂರ್ಣವಿರಾಮದ ಚುಕ್ಕೆ ಸಾಲಿನ ನೆತ್ತಿಗೇರಿ ಎಡ ಅಂಚಿಗೆ ಅಂಟಿಕೊಳ್ಳುತ್ತದೆ. ಡಾಸ್‌ನ ಪಠ್ಯ ತಿದ್ದುವ ಪ್ರೋಗ್ರಾಂ ಎಡಿಟ್ ತೆರೆದರೆ ಚೌಕಟ್ಟಿನ ಗೆರೆಗಳಿರಬೇಕಾದ ಕಡೆ ತಲೆಯ ಮೇಲೆ ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳು ಕಾಣುತ್ತವೆ.

ಉತ್ತರ 1:
ಬಿಡಿಎಫ್ ಕಡತವು ಅಕ್ಷರದ ಸುತ್ತಲಿನ ಖಾಲಿ ಜಾಗವನ್ನು ಸಾಮಾನ್ಯವಾಗಿ ಶೇಖರಿಸುವುದಿಲ್ಲ; ಅಗಲ, ಎತ್ತರ ಮತ್ತು ಎರಡು ಸರಿತಗಳನ್ನು (ಅಡ್ಡಕ್ಕೂ ಲಂಬಕ್ಕೂ ಎಷ್ಟು ಸರಿಸಬೇಕೆಂಬ ಅಳತೆಗಳನ್ನು) ‘ಬಿಬಿಎಕ್ಸ್’ ಸಾಲಿನಲ್ಲಿ ಹೇಳಿ, ಮಸಿ ಬಿದ್ದ ಭಾಗವನ್ನಷ್ಟೇ ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಆ ಸಾಲನ್ನು ಓದುತ್ತಿರುವಂತಿಲ್ಲ. ಫಾಂಟಿನ ಅಸೆಂಟ್ (ಅಕ್ಷರಗಳು ಕೂರುವ ಗೆರೆಯ ಮೇಲಿನ ಸಾಲುಗಳು) 12, ಡಿಸೆಂಟ್ (ಅದರ ಕೆಳಗಿನ ಸಾಲುಗಳು) 4 ಎಂದಿಟ್ಟುಕೊಳ್ಳಿ. ಚುಕ್ಕೆಯ ಬಿಬಿಎಕ್ಸ್ ‘2 2 3 0’ ಆಗಿದ್ದರೆ, ಅಸೆಂಟಿನಿಂದ ಎತ್ತರ ಮತ್ತು ಲಂಬ ಸರಿತದ ಮೊತ್ತವನ್ನು ಕಳೆದಾಗ 10 ಬರುತ್ತದೆ. ಅಂದರೆ ಮೇಲೆ ಹತ್ತು ಖಾಲಿ ಸಾಲು, ಬಳಿಕ ಚುಕ್ಕೆಯ ಎರಡು ಸಾಲು, ಕೆಳಗೆ ನಾಲ್ಕು ಖಾಲಿ ಸಾಲು. ಅಡ್ಡ ಸರಿತ 3 ಇರುವುದರಿಂದ ‘ಸಿ0’ ಎಂಬ ಹೆಕ್ಸ್ (ಹದಿನಾರರ ಆಧಾರದ) ಬೈಟನ್ನು, ಅಂದರೆ 11000000 ಎಂಬ ಬಿಟ್‌ಗಳನ್ನು, ಮೂರು ಬಿಟ್ ಬಲಕ್ಕೆ ಸರಿಸಬೇಕು; ಆಗ ಅದು ‘18’, ಅಂದರೆ 00011000, ಆಗಿ ಚುಕ್ಕೆ ನಡುವಿಗೆ ಬರುತ್ತದೆ. ಬಾಲವಿರುವ ಅಕ್ಷರಗಳಿಗೆ ಲಂಬ ಸರಿತ ಋಣ ಸಂಖ್ಯೆಯಾಗಿರುತ್ತದೆ, ಸೂತ್ರ ಮಾತ್ರ ಅದೇ.

ಉತ್ತರ 2:
ಗೆರೆಗಳ ತೊಂದರೆಯೇ ಬೇರೆ. ಇಂದಿನ ಬಿಡಿಎಫ್ ಕಡತಗಳು ಬಹುಮಟ್ಟಿಗೆ ಯೂನಿಕೋಡ್ ಕ್ರಮದಲ್ಲಿರುತ್ತವೆ, ಡಾಸ್ ನಿರೀಕ್ಷಿಸುವುದು ಕೋಡ್ ಪೇಜ್ 437 ಎಂಬ 256 ಅಕ್ಷರಗಳ ಹಳೆಯ ಪಟ್ಟಿಯ ಕ್ರಮವನ್ನು. ಯೂನಿಕೋಡಿನ 2500 ಎಂಬ ಹೆಕ್ಸ್ ಸ್ಥಾನದ ಅಡ್ಡಗೆರೆಯನ್ನು ನೀವು 196ನೆಯ ಮನೆಯಲ್ಲಿಡಬೇಕು. ಈ ಮನೆಗಳನ್ನು ಬದಲಿಸುವ ಹಾಗಿಲ್ಲ: ವಿಜಿಎ ಪ್ರತಿ ಅಕ್ಷರಕ್ಕೂ ಒಂಬತ್ತನೆಯ ಕಾಲಮ್ಮೊಂದನ್ನು ಸೇರಿಸುತ್ತದೆ ಮತ್ತು 192ರಿಂದ 223ರವರೆಗಿನ ಅಕ್ಷರಗಳಿಗೆ ಮಾತ್ರ ಎಂಟನೆಯ ಕಾಲಮನ್ನೇ ಅಲ್ಲಿ ನಕಲಿಸುತ್ತದೆ. ಅಡ್ಡಗೆರೆ ಆ ವ್ಯಾಪ್ತಿಯಾಚೆ ಬಿದ್ದರೆ ಪ್ರತಿ ಅಕ್ಷರಕ್ಕೊಮ್ಮೆ ತುಂಡಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಎರಡೂ ಸರಿಹೋದವು, ಧನ್ಯವಾದಗಳು. ಆದರೆ ಯಾವುದಾದರೂ ಆಟ ಆಡಿ ಹೊರಬಂದರೆ ಹಳೆಯ ಫಾಂಟೇ ಮರಳುತ್ತದೆ.

ಉತ್ತರ 1:
ಅದು ಸಹಜ. ವಿಡಿಯೊ ಮೋಡ್ ಬದಲಾದಾಗಲೆಲ್ಲ ಬಯಾಸ್ (ಯಂತ್ರದಲ್ಲೇ ಅಡಕವಾಗಿರುವ ಮೂಲ ತಂತ್ರಾಂಶ) ತನ್ನ ರಾಮ್‌ನಲ್ಲಿರುವ, ಅಂದರೆ ಓದಲಷ್ಟೇ ಬರುವ ಸ್ಮೃತಿಯಲ್ಲಿರುವ, ಫಾಂಟನ್ನು ಮತ್ತೆ ತುಂಬುತ್ತದೆ. ಆಟವನ್ನು ಬ್ಯಾಚ್ ಕಡತದಿಂದ (ಆದೇಶಗಳನ್ನು ಒಂದರ ನಂತರ ಒಂದರಂತೆ ನಡೆಸುವ ಕಡತದಿಂದ) ಶುರುಮಾಡಿ, ಅದರ ಕೊನೆಯ ಸಾಲಿನಲ್ಲಿ ಫಾಂಟನ್ನು ಪರದೆಗೆ ತುಂಬುವ ನಿಮ್ಮ ಲೋಡರನ್ನು ಕರೆಯುವುದು ಎಲ್ಲಕ್ಕಿಂತ ಸುಲಭ.